ಮೂವತ್ತೊಂದನೇ ಬಿಲ್ಲೆಯ ದಾರ

ಮಾರ್ಚ್ 2

ಕಡ್ಡಿ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀರಿ, ತಾಯಿ ಮಗಳು ಇಬ್ಬರೂ ಸೇರಿಕೊಂಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಡ್ಯೂಟಿ ಹಂಚಿದೆ. ಬರೆದದ್ದೆಲ್ಲ ನಂಬರು, ಗಂಟೆ, ಸಹಿ, ಅಷ್ಟೇ. ಕಾಗದ ಬರೆಯುವುದು ನನ್ನ ಬಾಬತ್ತಲ್ಲ. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತು ಇದು. ಆದರೆ ನಿಮ್ಮಮ್ಮ ಹೇಳುತ್ತಾಳೆ, "ಅಪ್ಪ, ನೀನು ಫೋನಲ್ಲಿ ಮಾತಾಡಲ್ಲ, ಕೂಗಾಡ್ತೀಯ. ಅವಳು ಕಟ್ ಮಾಡ್ತಾಳೆ. ಏನಿದ್ರೂ ಬರೆದು ಕಳಿಸು, ಓದ್ತಾಳಂತೆ." ಓದುತ್ತಾಳಂತೆ. ಸಾಹೇಬರು ಅರ್ಜಿ ಓದುವ ಹಾಗೆ.

ಆಗಲಿ, ಓದು.

ಮುಂದಿನ ಎರಡು ವರ್ಷ ಏನು ಓದುತ್ತೀರಿ ಎಂದು ನಿಮ್ಮ ಶಾಲೆಯಲ್ಲಿ ಫಾರಂ ಕೊಟ್ಟರಂತೆ. ಕಂಪ್ಯೂಟರ್ ಎಂದು ಇದ್ದ ಕಡೆ ನೀನು ಅಡ್ಡಗೀಟು ಹಾಕಿದೆಯಂತೆ. ಖಾಲಿ ಬಿಟ್ಟಿದ್ದರೆ ಮರೆತಳು ಎನ್ನಬಹುದಿತ್ತು. ಗೀಟು ಹಾಕಿದ್ದೀಯ, ಅದೂ ಎರಡು ಗೀಟು. ನಿಮ್ಮಮ್ಮ ಇದನ್ನು ಹೇಳಿದಾಗ ಟೀ ಲೋಟ ಕೈಯಲ್ಲಿತ್ತು. ಮೊಣಕಾಲ ಮೇಲೆ ಚೆಲ್ಲಿಕೊಂಡು ಕೂತೆ, ಉರಿ ಕೂಡ ಗೊತ್ತಾಗಲಿಲ್ಲ. ಮೂರು ಸಲ ಕೇಳಿದೆ, ಕಂಪ್ಯೂಟರ್ ಬೇಡ ಅಂದಳಾ, ನಮ್ಮ ಕಡ್ಡಿನಾ, ಇವಳೇನಾ ಅಂತ.

ನೆನಪಿದೆಯಾ, ಆಗ ನಿನಗೆ ಎಂಟು ವರ್ಷ. ಅಮ್ಮ ಕೆಲಸದಿಂದ ಬರುವ ತನಕ ಡಿಪೋದ ನನ್ನ ಕೋಣೆಯಲ್ಲಿ, ಬಿಲ್ಲೆ ಹಲಗೆಯ ಕೆಳಗೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಗೋಡೆಯಗಲದ ಹಲಗೆ, ತೊಂಬತ್ತಾರು ಮೊಳೆ, ಡ್ರೈವರಿಗೊಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಯಾವ ಬಿಲ್ಲೆ ಯಾವ ಮೊಳೆಗೆ ತೂಗುತ್ತದೋ ಆ ಡ್ರೈವರಿಗೆ ಆ ಬಸ್ಸು. ಒಂದು ದಿನ ಐದು ಜನ ಒಟ್ಟಿಗೆ ಬರಲಿಲ್ಲ. ನಾನು ತಲೆ ಕೆರೆದುಕೊಂಡು ನಿಂತಿದ್ದೆ. ನೀನು ಸ್ಟೂಲು ಹತ್ತಿ, ಬೆಳಗಿನ ಟ್ರಿಪ್ ಬೇಗ ಮುಗಿಸುವವರ ನಾಲ್ಕೇ ನಾಲ್ಕು ಬಿಲ್ಲೆ ಎತ್ತಿ ಹಾಕಿದೆ. "ತಾತ, ಈಗ ಒಂದೇ ಬಸ್ಸು ನಿಲ್ಲುತ್ತೆ, ಐದಲ್ಲ" ಅಂದೆ. ಬಾಗಿಲಲ್ಲಿ ನಿಂತಿದ್ದ ಡ್ರೈವರುಗಳು ಬಾಯಿ ಬಿಟ್ಟುಕೊಂಡು ನೋಡಿದರು. "ಹಲಗೆಯಣ್ಣ, ನಿಮ್ಮ ಕುರ್ಚಿ ಹೋಯ್ತು" ಅಂದರು.

ಆ ತಲೆ ಇರುವವಳು ಕಂಪ್ಯೂಟರಿಗೆ ಗೀಟು ಹಾಕುತ್ತಾಳೆ ಎಂದರೆ ಯಾರೋ ಕಿವಿ ಊದಿದ್ದಾರೆ. ಹುಡುಗಿಯರಿಗಲ್ಲ ಎಂದು ಯಾರಾದರೂ ಅಂದರಾ? ಲೆಕ್ಕ ಕಷ್ಟ ಎಂದು ಟೀಚರು ಹೆದರಿಸಿದರಾ? ಫಾರಂ ಬದಲಿಸಲು ಏಪ್ರಿಲ್ ಮೂವತ್ತರ ತನಕ ಸಮಯ ಇದೆಯಂತೆ. ಕಾರಣ ಏನು, ನೆಟ್ಟಗೆ ಬರೆ.

— ತಾತ


ಮಾರ್ಚ್ 11

ತಾತ,

ನಿನ್ನ ಅಕ್ಷರ ಇಷ್ಟು ಗುಂಡಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೆ ತೋರಿಸಿದೆ. "ಬೈಗುಳಾನೂ ಮುತ್ತಿನ ಹಾಗೆ ಬರ್ದಿದಾನೆ" ಅಂದಳು.

ಯಾರೂ ಕಿವಿ ಊದಿಲ್ಲ. ನಮ್ಮ ಕ್ಲಾಸಿನಲ್ಲಿ ಯಾರಿಗೂ ಅದು ಬೇಡ, ಅಷ್ಟೇ. ಹೋದ ತಿಂಗಳು ಟೀಚರ್ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಕಂಪ್ಯೂಟರ್ ಕೆಲಸ ಎಂದರೆ ಕಣ್ಣ ಮುಂದೆ ಏನು ಬರುತ್ತದೋ ಬರೆಯಿರಿ, ಹೆಸರು ಬೇಡ ಎಂದರು. ಚೀಟಿಗಳನ್ನು ವಿಂಗಡಿಸುವ ಕೆಲಸ ನನಗೇ ಬಂತು. ಮೂವತ್ತೆಂಟು ಚೀಟಿ. ಹನ್ನೊಂದರಲ್ಲಿ ಬೆನ್ನು ನೋವು ಅಥವಾ ಕನ್ನಡಕ. ಒಂಬತ್ತರಲ್ಲಿ ಗಂಡುಹುಡುಗರು, ಕತ್ತಲೆ ಕೋಣೆ, ಸ್ನಾನ ಮಾಡದವರು. ಎಂಟರಲ್ಲಿ "ನಾವು ಓದಿ ಮುಗಿಸೋ ಹೊತ್ತಿಗೆ ಆ ಕೆಲಸ ಯಂತ್ರಾನೇ ಮಾಡುತ್ತೆ". ನಾಲ್ಕರಲ್ಲಿ "ಮನುಷ್ಯರ ಹತ್ತಿರ ಮಾತೇ ಆಡಬೇಕಿಲ್ಲ, ಆರಾಮ". ಮೂರು ಖಾಲಿ. ಎರಡರಲ್ಲಿ ಮಾತ್ರ ಇಷ್ಟ ಎಂದಿತ್ತು. ಒಂದರಲ್ಲಿ ಬರವಣಿಗೆಯೇ ಇಲ್ಲ, ಒಂದು ಕಾಲಿನ ಚಿತ್ರ ಇತ್ತು. ಟೀಚರ್ ಅದು ತಮಾಷೆ ಅಂದುಕೊಂಡು ಬುಟ್ಟಿಗೆ ಹಾಕಿದರು.

ಇಡೀ ದಿನ ಫೋನು ಹಿಡಿದೇ ಇರುತ್ತೇವೆ, ಅದರ ಒಳಗಿನ ಕೆಲಸ ಮಾತ್ರ ಯಾರಿಗೂ ಬೇಡ. ವಿಚಿತ್ರ ಅಲ್ಲವಾ?

ನಾನು ಫಿಸಿಯೋಥೆರಪಿ ಓದುತ್ತೇನೆ. ಬಿದ್ದವರನ್ನು ಮತ್ತೆ ನಡೆಸುವುದು. ಅದಕ್ಕೆ ಜೀವಶಾಸ್ತ್ರ ಬೇಕು. ಅದನ್ನೇ ಗುರುತು ಹಾಕಿದ್ದೇನೆ. ನೀನು ಮೊಣಕಾಲಿಗೆ ಮುಲಾಮು ಹಚ್ಚಿಕೋ.

— ಕಡ್ಡಿ


ಮಾರ್ಚ್ 17

ಕಡ್ಡಿ,

ನಿನ್ನ ಕಾಗದ ಓದಿ ದಂಗಾಗಿಬಿಟ್ಟೆ. ಮೂವತ್ತೆಂಟು ಮಕ್ಕಳಲ್ಲಿ ಇಬ್ಬರು. ನಿಮ್ಮ ಕ್ಲಾಸೇ ಕೆಟ್ಟಿರಬೇಕು ಅಂದುಕೊಂಡು ಕ್ಷೌರದಂಗಡಿಗೆ ಹೋದೆ. ಅಲ್ಲಿ ಈ ವಯಸ್ಸಿನವರೇ ಕೂತಿರುತ್ತಾರೆ. ಕೂದಲು ಕತ್ತರಿಸಿಕೊಳ್ಳುತ್ತಿದ್ದ ಒಬ್ಬನನ್ನು ಕೇಳಿದೆ.

"ಅದೆಲ್ಲ ಮುಗಿದ ಕಥೆ ಬಿಡಿ ತಾತ. ಇನ್ನು ಮೇಲೆ ಯಂತ್ರಾನೇ ಯಂತ್ರ ಬರೆಯುತ್ತೆ."

"ಮತ್ತೆ ನೀನೇನು ಮಾಡ್ತೀಯ?"

"ನೋಡೋಣ."

"ಏನು ನೋಡ್ತೀಯ? ಹದಿನೇಳಕ್ಕೇ ರಿಟೈರ್ ಆದವನ ಹಾಗೆ ಮಾತಾಡ್ತೀಯಲ್ಲೋ."

ಪಕ್ಕದ ಕುರ್ಚಿಯವನು ನಕ್ಕ. ಅವನಿಗೂ ಎರಡು ಅಂದೆ. ಕ್ಷೌರಿಕ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, "ಅಣ್ಣ, ಗಿರಾಕಿ ಓಡಿಸಬೇಡಿ" ಅಂದ.

ಹೇಳುವುದು ಇಷ್ಟೇ. ಬೆನ್ನು ನೋವು ಎಲ್ಲಿ ಬರಲ್ಲ? ಡ್ರೈವರುಗಳ ಬೆನ್ನು ನೋಡಿದ್ದೀಯಾ? ಗಂಡುಹುಡುಗರದ್ದು ಅನ್ನುವುದು ಶುದ್ಧ ಸುಳ್ಳು. ನಮ್ಮ ಡಿಪೋಗೆ ಬಿಲ್ಲೆ ಹಲಗೆಯ ಬದಲು ಡ್ಯೂಟಿ ಹಂಚುವ ಕಂಪ್ಯೂಟರ್ ಚಾರ್ಟ್ ಮಾಡಲು ಬಂದವಳು ಹುಡುಗಿಯೇ. ಇಪ್ಪತ್ಮೂರು ಇರಬಹುದು, ದಪ್ಪ ಕನ್ನಡಕ. ಎಂಟು ತಿಂಗಳು ನನ್ನ ಎದುರು ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೂ ಕೇಳಿ ಕೇಳಿ ಬರೆದುಕೊಂಡಳು. ಮನುಷ್ಯರ ಹತ್ತಿರ ಮಾತಾಡದೆ ಆ ಕೆಲಸ ಆಗುತ್ತದೆ ಎಂದು ಬರೆದ ನಾಲ್ವರಿಗೂ ಹೇಳು. ಅವಳು ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದಳು. ಅದಿರಲಿ.

ಕಾಲಿನ ಚಿತ್ರ ಬರೆದ ಪೆದ್ದ ಯಾರು? ಓದುವ ಮನಸ್ಸಿಲ್ಲದವರನ್ನು ಶಾಲೆಯಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ? ಟೀಚರು ಬುಟ್ಟಿಗೆ ಹಾಕಿದ್ದು ಸರಿಯಾಯಿತು.

ಫಿಸಿಯೋಥೆರಪಿ ಒಳ್ಳೆಯದೇ. ಆದರೆ ಅದಕ್ಕಾಗಿ ಇನ್ನೊಂದಕ್ಕೆ ಎರಡು ಗೀಟು ಹಾಕಬೇಕಿರಲಿಲ್ಲ. ನೀನು ಏನನ್ನೋ ಮುಚ್ಚಿಡುತ್ತಿದ್ದೀಯ. ಮೂವತ್ತೆರಡು ವರ್ಷ ಡ್ರೈವರುಗಳ ಹೊಟ್ಟೆನೋವು, ಅಜ್ಜಿ ಸಾವು, ಸೈಕಲ್ ಪಂಕ್ಚರು ಎಲ್ಲ ಕೇಳಿದವನು ನಾನು. ಸುಳ್ಳು ನೆಪದ ವಾಸನೆ ನನಗೆ ಬರುತ್ತದೆ. ಬೇರೆಯವರ ಚೀಟಿ ಸಾಕು, ನಿನ್ನದು ಬರೆ.

— ತಾತ


ಮಾರ್ಚ್ 29

ತಾತ,

ಹನ್ನೆರಡು ದಿನ ತಡ ಮಾಡಿದ್ದು ಬೇಕೆಂದೇ. ಮೂರು ಸಲ ಬರೆದು ಹರಿದೆ.

ಕಾಲಿನ ಚಿತ್ರ ಬರೆದ ಪೆದ್ದ ನಾನೇ.

ಕಾರಣ ನೀನು. ಬೈಬೇಡ, ಪೂರ್ತಿ ಓದು.

ನನಗೆ ಹತ್ತು ವರ್ಷ ಇದ್ದಾಗ ಸಂಜೆ ಏಳರ ಬಸ್ಸು ಬೇಕರಿ ಮೂಲೆಯಲ್ಲಿ ಫುಟ್‌ಪಾತ್ ಹತ್ತಿತಲ್ಲ. ಓಡಿಸುತ್ತಿದ್ದವರು ಸಿಳ್ಳೆ ಮಾಮ. ಬೆಳಗ್ಗೆ ನನ್ನನ್ನು ಶಾಲೆ ಹತ್ತಿರ ಇಳಿಸುವಾಗ ದಿನಾ ಸಿಳ್ಳೆ ಹಾಕುತ್ತಿದ್ದವರು. ಫುಟ್‌ಪಾತಿನಲ್ಲಿ ಕೂತಿದ್ದವರು ಬೀಗದ ಕೈ ಮಾಡುವ ಮಾಮ. ಅವರ ಎಡಗಾಲು ಹೋಯಿತು. ಹೊಸ ಕಂಪ್ಯೂಟರ್ ಚಾರ್ಟ್ ಶುರುವಾಗಿ ಒಂಬತ್ತು ದಿನವಾಗಿತ್ತು. ಯಾವತ್ತೂ ಬೆಳಗಿನ ಡ್ಯೂಟಿ ಮಾಡುವ ಸಿಳ್ಳೆ ಮಾಮನನ್ನು ಅದು ಸಂಜೆಗೆ ಹಾಕಿತ್ತು. ಅವರಿಗೆ ಇರುಳುಗುರುಡು ಇತ್ತು ಎಂದು ಆಮೇಲೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅವರ ಕೆಲಸ ಹೋಯಿತು. ಸ್ವಲ್ಪ ದಿನಕ್ಕೆ ನೀನೂ ಹಲಗೆ ಹೊತ್ತುಕೊಂಡು ಮನೆಗೆ ಬಂದೆ.

ಅವತ್ತು ನಾನು ಕೇಳಿದೆ, ಆ ಕಂಪ್ಯೂಟರಿಗೆ ಹಾಗೆ ಮಾಡಲು ಹೇಳಿಕೊಟ್ಟವರು ಯಾರು ಅಂತ. ನೀನು ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ತಿರುಗಿ ನೋಡದೆ ಹೇಳಿದೆ, "ಒಬ್ಬಳು ಹುಡುಗಿ. ಅವಳು ಅಲ್ಲಿ ಬೆರಳು ಆಡಿಸಿದಳು, ಇಲ್ಲಿ ಕಾಲು ಹೋಯ್ತು."

ನನಗೆ ಅದು ಇವತ್ತಿಗೂ ಕೇಳಿಸುತ್ತದೆ. ಲ್ಯಾಬಿನಲ್ಲಿ ಕೀಲಿಮಣೆ ಮುಟ್ಟಿದಾಗ ಬೆರಳು ತಣ್ಣಗಾಗುತ್ತದೆ. ಟೀಚರ್ ಎರಡು ಸಲ ಕರೆದು ಹೇಳಿದರು, ನಿನಗೆ ಇದು ಎಲ್ಲರಿಗಿಂತ ಚೆನ್ನಾಗಿ ಬರುತ್ತೆ, ಯಾಕೆ ಬೇಡ ಅಂತೀಯ ಅಂತ. ಚೆನ್ನಾಗಿ ಬರುತ್ತದೆ ಎಂದೇ ಭಯ. ಆ ಹುಡುಗಿಗೂ ಚೆನ್ನಾಗಿಯೇ ಬರುತ್ತಿದ್ದಿರಬೇಕು. ನೋಡದ ಊರಿನ ನೋಡದ ಮನುಷ್ಯನಿಗೆ ನನ್ನ ಬೆರಳಿಂದ ಏನಾಗುತ್ತದೋ ನನಗೆ ಗೊತ್ತಾಗುವುದೇ ಇಲ್ಲ. ಅದಕ್ಕಿಂತ ಒಬ್ಬೊಬ್ಬರ ಕಾಲು ಕೈಯಲ್ಲಿ ಹಿಡಿದು ನಡೆಸುವುದು ವಾಸಿ.

ಈಗ ನೀನೇ ಅದನ್ನು ಓದು ಅನ್ನುತ್ತೀಯ. ಮೊದಲ ಕಾಗದ ಓದಿದಾಗ ನನಗೂ ದಿಗ್ಭ್ರಮೆಯಾಯಿತು. ಬೇರೆ ಯಾರು ಹೇಳಿದ್ದರೂ ಸರಿ, ನೀನು ಹೇಗೆ ಹೇಳುತ್ತೀಯ ತಾತ?

— ಕಡ್ಡಿ


ಏಪ್ರಿಲ್ 9

ತಾತ,

ನಿನ್ನ ಉತ್ತರ ಬಂದಿಲ್ಲ. ಅಮ್ಮ ಫೋನ್ ಮಾಡಿದರೆ ಹೂಂ, ಉಹೂಂ ಅಂತಷ್ಟೇ ಅಂದೆಯಂತೆ. ನೀನು ಕೂಗಾಡಲಿಲ್ಲ ಎಂದು ಅವಳು ಗಾಬರಿಯಾಗಿದ್ದಾಳೆ. "ಜ್ವರ ಏನಾದ್ರೂ ಇರ್ಬೇಕು" ಅನ್ನುತ್ತಾಳೆ.

ನಿನ್ನ ಮೇಲೆ ತಪ್ಪು ಹೊರಿಸಲು ನಾನು ಬರೆದದ್ದಲ್ಲ. ನಿನ್ನ ಕೆಲಸ ಕಿತ್ತುಕೊಂಡಿದ್ದನ್ನು ನಾನು ಹೇಗೆ ಓದಲಿ ಎಂದು ಕೇಳಿದ್ದು, ಅಷ್ಟೇ. ನನ್ನಿಂದ ನಿನಗೆ ಬೇಜಾರಾಗಿದ್ದರೆ ತಪ್ಪಾಯಿತು. ಎಂದಿನ ಹಾಗೆ ಬೈದು ಎರಡು ಸಾಲು ಬರೆ.

— ಕಡ್ಡಿ


ಏಪ್ರಿಲ್ 13

ಕಡ್ಡಿ,

ಜ್ವರ ಇಲ್ಲ. ನಿನ್ನ ಮೇಲೆ ಕೋಪವೂ ಇಲ್ಲ. ಮಾರ್ಚ್ ಇಪ್ಪತ್ತೊಂಬತ್ತರ ಕಾಗದ ಇಷ್ಟು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮೊಳೆ ಹೊಡೆಯುತ್ತಾ ಆಡಿದ ಒಂದು ಮಾತು ಆರು ವರ್ಷ ಒಂದು ಮಗುವಿನ ಬೆರಳಿನಲ್ಲಿ ಕೂತಿದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಆ ಮಾತು ಸುಳ್ಳು. ಅದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ನಿಮ್ಮಮ್ಮನಿಗೂ ಗೊತ್ತಿಲ್ಲ. ಕೇಳು.

ಹಲಗೆಯ ಕೆಲವು ಬಿಲ್ಲೆಗಳಿಗೆ ನಾನು ದಾರ ಕಟ್ಟಿದ್ದು ನಿನಗೆ ನೆನಪಿರಬಹುದು. ರಿಜಿಸ್ಟರಿನಲ್ಲಿ ಬರೆಯಲಾಗದ ವಿಷಯಕ್ಕೆ ದಾರ. ಡ್ರೈವರುಗಳು ಬಂದು ಕಿವಿಯಲ್ಲಿ ಹೇಳುತ್ತಿದ್ದರು. ಬರೆದರೆ ಅವರಿಗೆ ತೊಂದರೆ, ಮರೆತರೆ ಬಸ್ಸಿಗೆ ತೊಂದರೆ. ದಾರ ಕಟ್ಟಿದರೆ ನನಗೊಬ್ಬನಿಗೆ ತಿಳಿಯುತ್ತದೆ. ಸಿಳ್ಳೆಯ ಬಿಲ್ಲೆಗೆ ಕೆಂಪು ದಾರ. "ಹಲಗೆಯಣ್ಣ, ಹೊತ್ತು ಮುಳುಗಿದ ಮೇಲೆ ರಸ್ತೆ ಅಂಚು ಕಾಣಲ್ಲ. ಯಾರಿಗೂ ಹೇಳ್ಬೇಡಿ, ಮನೆಗೆ ಕಳಿಸಿಬಿಡ್ತಾರೆ" ಅಂದಿದ್ದ. ಹದಿನಾಲ್ಕು ವರ್ಷ ಅವನಿಗೆ ಸಂಜೆ ಡ್ಯೂಟಿ ಹಾಕಲಿಲ್ಲ ನಾನು.

ಇರುಳುಗುರುಡು ಆಸ್ಪತ್ರೆಯಲ್ಲಿ ಗೊತ್ತಾಯಿತು ಎಂದು ಬರೆದಿದ್ದೀಯ. ಊರಿಗೆ ಗೊತ್ತಾದದ್ದು ಆಗ.

ಆ ಕನ್ನಡಕದ ಹುಡುಗಿ ಎಂಟು ತಿಂಗಳು ಕೂತು ಎಲ್ಲ ಬರೆದುಕೊಂಡಳು. ಪುಟ ಮುಗಿದಾಗಲೆಲ್ಲ ನನ್ನ ಸಹಿ. ನಾನು ಹೇಳಿದ್ದನ್ನೇ ಕಂಪ್ಯೂಟರಿಗೆ ಹೇಳಿಕೊಡುತ್ತಿದ್ದಳು. ಒಳ್ಳೆಯ ಹುಡುಗಿ. ನನ್ನ ಬೈಗುಳವನ್ನೂ ಬರೆದುಕೊಳ್ಳುತ್ತಾಳೇನೋ ಎಂದು ಡ್ರೈವರುಗಳು ನಗುತ್ತಿದ್ದರು. ಒಂದು ದಿನ ಕೇಳಿದಳು.

"ಸರ್, ಈ ದಾರ ಯಾಕೆ?"

"ಅಂದಕ್ಕೆ."

ವಾರ ಬಿಟ್ಟು ಮತ್ತೆ ಬಂದಳು. "ಸರ್, ದಾರ ಇರೋ ಬಿಲ್ಲೆಗಳನ್ನ ನೀವು ಕೆಲವು ಮೊಳೆಗೆ ಹಾಕೋದೇ ಇಲ್ಲ. ನಾನು ನೋಡ್ತಾ ಇದೀನಿ."

"ನೋಡು. ನಿನ್ನ ಕೆಲಸ ಅದೇ ಅಲ್ವಾ?"

ಕೊನೆಯ ವಾರ ಮೂರನೇ ಸಲ ಕೇಳಿದಳು. ಕೋಣೆಯಲ್ಲಿ ಇಬ್ಬರೇ ಇದ್ದೆವು. "ಇದನ್ನ ಯಾರಿಗೂ ಹೇಳ್ಬೇಕಾಗಿಲ್ಲ ಸರ್, ಹೆಸರು ಕಾರಣ ಏನೂ ಬೇಡ. ಈ ನಂಬರಿಗೆ ಈ ಹೊತ್ತು ಬೇಡ ಅಂತ ಅಷ್ಟೇ ಹೇಳಿ, ಹಾಕ್ತೀನಿ." ಕಾರಣ ಬೇಡ ಎಂದಳು, ಕಡ್ಡಿ. ಸಿಳ್ಳೆಯ ಗುಟ್ಟು ಉಳಿಯುತ್ತಿತ್ತು. ಒಂದು ನಂಬರು, ಒಂದು ಹೊತ್ತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಮೂವತ್ತೆರಡು ವರ್ಷದ್ದನ್ನೆಲ್ಲ ಅವಳ ಪುಸ್ತಕಕ್ಕೆ ಸುರಿದಾಗಿತ್ತು. ಇದೊಂದಾದರೂ ನನ್ನ ಹತ್ತಿರ ಇರಲಿ, ಯಂತ್ರ ಎಡವಲಿ, ನನ್ನನ್ನು ಮತ್ತೆ ಕರೆಯಲಿ ಎಂದು ಹಟ. "ಅಂದಕ್ಕೆ ಅಂದೆನಲ್ಲ" ಅಂದು ಪುಟಕ್ಕೆ ಸಹಿ ಹಾಕಿದೆ.

ಇಷ್ಟೇ ಆಗಿದ್ದರೆ ಹೇಗೋ ಬರೆದು ಮುಗಿಸುತ್ತಿದ್ದೆ. ಒಂಬತ್ತನೇ ದಿನ ಮಧ್ಯಾಹ್ನ ಸಿಳ್ಳೆ ಬಂದ. "ಅಣ್ಣ, ಏಳರ ಬಸ್ಸಿಗೆ ನನ್ನ ನಂಬರು ಬಂದಿದೆ." ಬದಲಿಸಿ ಎನ್ನಲು ಬಂದಿದ್ದ. ಬದಲಿಸುವ ಅಧಿಕಾರ ಆಗಲೂ ನನಗಿತ್ತು. ನಾನು ಅಂದೆ, "ಒಂದು ದಿನ ಓಡಿಸು. ನಿಧಾನಕ್ಕೆ ಹೋಗು. ಬಸ್ಸು ಲೇಟಾಗಲಿ, ಜನ ಬೈಲಿ. ಆ ಯಂತ್ರದ ಯೋಗ್ಯತೆ ಎಲ್ಲರಿಗೂ ಗೊತ್ತಾಗಲಿ." ಅವನು ಹೋದ. ಅವತ್ತು ಅವನು ಸಿಳ್ಳೆ ಹಾಕಲಿಲ್ಲ.

ಲೇಟಾಗುತ್ತದೆ ಎಂದಷ್ಟೇ ಅಂದುಕೊಂಡಿದ್ದೆ. ಅದಕ್ಕೆ ಯಾರ ಆಣೆ ಬೇಕಾದರೂ ಇಡುತ್ತೇನೆ. ಆಣೆಯಿಂದ ಕಾಲು ಬರುವುದಿಲ್ಲ.

ವಿಚಾರಣೆಯಲ್ಲಿ ಸಿಳ್ಳೆ ನನ್ನ ಹೆಸರು ಎತ್ತಲಿಲ್ಲ. ಹುಡುಗಿ ಪುಸ್ತಕ ತೋರಿಸಿದಳು. ದಾರ ಅಂದಕ್ಕೆ ಎಂದಿತ್ತು, ಕೆಳಗೆ ನನ್ನ ಸಹಿ. ದೊಡ್ಡವರು ನನ್ನನ್ನು ಕೇಳಿದರು. ಅಂದಕ್ಕೇ ಎಂದೆ. ಆಗ ಅವಳು ಹೇಳಿದ ಮಾತು ಕೇಳು. "ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಬೇಕಾಗಿತ್ತು. ತಪ್ಪು ನನ್ನದು." ಅಷ್ಟು ಹೇಳಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಆ ಕೆಲಸದಲ್ಲಿ ಇರಲಿಲ್ಲ. ಇನ್ನೊಂದು ವಿಷಯ ವೈದ್ಯರು ಹೇಳಿದರು. ಸಿಳ್ಳೆ ಮೊದಲೇ ತೋರಿಸಿಕೊಂಡಿದ್ದರೆ ಬರೀ ಹಗಲು ಡ್ಯೂಟಿ ಎಂದು ಕಾಗದ ಬರೆದುಕೊಡುತ್ತಿದ್ದರಂತೆ, ಕೆಲಸ ಹೋಗುತ್ತಲೇ ಇರಲಿಲ್ಲವಂತೆ. ನಾನು ಹದಿನಾಲ್ಕು ವರ್ಷ ಕಾಪಾಡಿದೆ ಎಂದುಕೊಂಡಿದ್ದೂ ಸುಳ್ಳಾಯಿತು.

ಯಾರೂ ನನ್ನನ್ನು ಕಳಿಸಲಿಲ್ಲ. ಆ ಕೋಣೆಯಲ್ಲಿ ಕೂರಲಾಗದೆ ನಾನೇ ಬಿಟ್ಟೆ. ಮನೆಯಲ್ಲಿ ನೀನು ಕೇಳಿದೆ, ಯಾರು ಅಂತ. ನನ್ನ ಬಾಯಿಗೆ ಸಿಕ್ಕಿದ್ದು ಅವಳು.

ನಿನಗೆ ಯಾಕೆ ಕಂಪ್ಯೂಟರ್ ಓದು ಅಂದೆ ಎಂದು ಕೇಳಿದ್ದೀಯ. ಅವಳ ಕುರ್ಚಿಯಲ್ಲಿ ಇನ್ನೊಬ್ಬಳು ಕೂರಲಿ, ನನ್ನಂಥವನನ್ನು ಬಿಡದೆ ಕೇಳಲಿ ಎಂದು. ಇಷ್ಟು ಓದಿದ ಮೇಲೆ ನೀನು ನನಗೆ ಬರೆಯದಿದ್ದರೂ ಸರಿ.

— ತಾತ


ಏಪ್ರಿಲ್ 18

ತಾತ,

ಓದಿದೆ. ಅಮ್ಮನಿಗೂ ಓದಲು ಕೊಟ್ಟೆ. ಅವಳು ಅಡುಗೆಮನೆಯಲ್ಲಿ ನಿಂತೇ ಓದಿ, ಕಾಗದ ಮಡಚಿ ಇಟ್ಟಳು. ಪರವಾಗಿಲ್ಲ ಅಂತ ಬರೆಯಲಾರೆ. ಪರವಾಗಿಲ್ಲ ಅನ್ನುವುದಕ್ಕೆ ನಾನು ಯಾರು? ಅದನ್ನು ಹೇಳಬೇಕಾದವರು ಬೇಕರಿ ಮೂಲೆಯಲ್ಲಿದ್ದಾರೆ. ಆ ಹುಡುಗಿಯನ್ನು ಆರು ವರ್ಷ ದ್ವೇಷಿಸಿದ್ದೇನೆ. ಅದನ್ನು ಎಲ್ಲಿ ತೆಗೆದಿಡಲಿ ಗೊತ್ತಾಗುತ್ತಿಲ್ಲ.

ಎರಡು ದಿನ ಬಿಟ್ಟು ನಿನ್ನ ಕಾಗದ ಮತ್ತೆ ಓದಿದೆ. ಆಗ ಒಂದು ಮಾತು ಕಣ್ಣಿಗೆ ಬಿತ್ತು. ಅದಕ್ಕೇ ಈ ಕಾಗದ ಅರ್ಜೆಂಟ್ ಅಂಚೆಯಲ್ಲಿ ಹಾಕುತ್ತಿದ್ದೇನೆ.

"ಕೆಲವು ಬಿಲ್ಲೆಗಳಿಗೆ" ದಾರ ಎಂದು ಬರೆದಿದ್ದೀಯ. ಹೇಳಿದ್ದು ಕೆಂಪು ಒಂದೇ. ನಾನು ಆ ಹಲಗೆಯ ಕೆಳಗೆ ಎರಡು ವರ್ಷ ಕೂತವಳು. ಅಲ್ಲಿ ಬೇರೆ ಬಣ್ಣಗಳೂ ಇದ್ದವು.

ಅವು ಯಾಕೆ? ಆ ಡ್ರೈವರುಗಳು ಈಗಲೂ ಬಸ್ ಓಡಿಸುತ್ತಿದ್ದಾರಾ? ಆ ಚಾರ್ಟ್ ಈಗಲೂ ನಡೆಯುತ್ತಿದೆಯಾ?

— ಕಡ್ಡಿ


ಏಪ್ರಿಲ್ 24

ಕಡ್ಡಿ,

ನಿನ್ನ ಕಾಗದ ಇಪ್ಪತ್ತಕ್ಕೆ ಬಂತು. ಬಾಗಿಲಲ್ಲಿ ನಿಂತೇ ಒಡೆದೆ. ಓದಿ ಗೋಡೆಯ ಕಡೆ ತಿರುಗಿದೆ. ಆರು ವರ್ಷದಿಂದ ಆ ಹಲಗೆ ನನ್ನ ಮಂಚದ ಎದುರೇ ಇದೆ. ದಿನಾ ಕಾಣುವುದು ಕೆಂಪು ದಾರ ಒಂದೇ. ಅವತ್ತು ಹತ್ತಿರ ಹೋಗಿ ಒಂದೊಂದೇ ಬಿಲ್ಲೆ ಮುಟ್ಟಿ ನೋಡಿದೆ. ಇನ್ನೂ ನಾಲ್ಕಿದ್ದವು. ನಾಲ್ಕು, ಕಡ್ಡಿ. ಹಲಗೆಯ ಕೆಳಗೇ ಕೂತೆ. ನನ್ನ ಒಂದು ತಪ್ಪನ್ನೇ ನೋಡುತ್ತಾ ಕೂತು, ಅದರ ಪಕ್ಕದಲ್ಲಿ ತೂಗುತ್ತಿದ್ದ ನಾಲ್ಕು ಕಣ್ಣಿಗೆ ಬಿದ್ದಿರಲಿಲ್ಲ.

ಹಲಗೆ ಬಿಚ್ಚಿ, ಹಗ್ಗ ಕಟ್ಟಿ, ಮರುದಿನ ಬೆಳಗಿನ ಬಸ್ಸಿಗೆ ಹಾಕಿಕೊಂಡು ಡಿಪೋಗೆ ಹೋದೆ. ಕಂಡಕ್ಟರು, "ಯಜಮಾನ್ರೇ, ಬಾಗಿಲು ಕಿತ್ಕೊಂಡು ಎಲ್ಲಿಗೆ ಹೊರಟ್ರಿ?" ಅಂದ.

ಆ ಚಾರ್ಟ್ ಈಗಲೂ ನಡೆಯುತ್ತಿದೆ. ನನ್ನ ಕೋಣೆಯಲ್ಲೇ ಒಬ್ಬ ಹೆಂಗಸು ಕೂತು ನೋಡಿಕೊಳ್ಳುತ್ತಾಳೆ. ಹಲಗೆ ಮೇಜಿಗೆ ಒರಗಿಸಿ ಅವಳ ಮುಂದೆ ಎಲ್ಲ ಹೇಳಿದೆ, ನಿನಗೆ ಬರೆದದ್ದನ್ನೆಲ್ಲ. ಅವಳು ಹೊಸ ಪುಟ ತೆಗೆದಳು. ಆಮೇಲೆ, "ಮೊದಲು ನಂಬರು ಹೇಳಿ, ಬೈಯೋದು ಆಮೇಲೆ ಬೈತೀನಿ" ಅಂದಳು. ಕೆಲಸ ಗೊತ್ತಿರುವವಳು.

ನಾಲ್ಕರಲ್ಲಿ ಇಬ್ಬರು ಈಗಿಲ್ಲ, ರಿಟೈರಾದರು. ಮೂರನೆಯದು ನಲವತ್ನಾಲ್ಕು, ನೀಲಿ ದಾರ. ಅವನಿಗೆ ಸಕ್ಕರೆ ಕಾಯಿಲೆ, ಹನ್ನೊಂದಕ್ಕೆ ಹೊಟ್ಟೆಗೆ ಬೀಳದಿದ್ದರೆ ತಲೆ ಸುತ್ತುತ್ತದೆ. ಹತ್ತರ ಲಾಂಗ್ ರೂಟು ನಾನು ಅವನಿಗೆ ಹಾಕುತ್ತಿರಲಿಲ್ಲ. ಯಂತ್ರ ಹಾಕುತ್ತಲೇ ಬಂದಿದೆ. ಅವನು ಆರು ವರ್ಷ ದಾರಿಯಲ್ಲಿ ಬಸ್ಸು ನಿಲ್ಲಿಸಿ ಬಿಸ್ಕತ್ತು ತಿಂದಿದ್ದಾನೆ. ಅದಕ್ಕೆ ಮೂರು ನೋಟೀಸು. ಅವನನ್ನು ಕರೆಸಿದೆವು. ನನ್ನನ್ನು ನೋಡಿ ತಬ್ಬಿಕೊಂಡ. ಅದು ಇನ್ನೂ ಕಷ್ಟವಾಯಿತು.

"ಹೇಳ್ಬಿಡಿ ಅಣ್ಣ, ಈಗ ಸಕ್ಕರೆಗೆಲ್ಲ ಯಾರೂ ಮನೆಗೆ ಕಳಿಸಲ್ಲ."

"ಮತ್ತೆ ನೀನೇ ಯಾಕೋ ಹೇಳಲಿಲ್ಲ?"

"ನೀವು ಕಂಪ್ಯೂಟರಿಗೆ ಹೇಳಿರ್ತೀರ ಅಂದ್ಕೊಂಡಿದ್ದೆ. ಅದು ಬೇಕಂತಾನೇ ಹಾಕ್ತಿದೆ ಅಂದ್ಕೊಂಡೆ."

ಆ ಹೆಂಗಸು ಎರಡು ಸಾಲು ಟೈಪ್ ಮಾಡಿದಳು. ಎರಡೇ ಸಾಲು. ಅವನ ಹತ್ತರ ರೂಟು ಹೋಯಿತು. ಬೆರಳು ಆಡಿಸಿದರೆ ಹೀಗೂ ಆಗುತ್ತದೆ, ನೋಡಿದೆ.

ಅಲ್ಲಿಂದ ಬೇಕರಿ ಮೂಲೆಗೆ ಹೋದೆ. ಬೀಗದ ಕೈಯವನು ಅಲ್ಲೇ ಕೂತಿದ್ದಾನೆ, ಪಕ್ಕದಲ್ಲಿ ಊರುಗೋಲು. ಹೇಳಿದೆ. ಅವನು ಕೈಯಲ್ಲಿದ್ದ ಕೀಲಿ ಉಜ್ಜುವುದನ್ನು ನಿಲ್ಲಿಸಲಿಲ್ಲ. ಉಜ್ಜಿ ಮುಗಿಸಿ ಅಂದ, "ಆ ಹುಡುಗಿ ತಿಂಗಳಿಗೊಂದ್ಸಲ ಬಂದು ನೋಡ್ಕೊಂಡು ಹೋಗ್ತಾಳೆ. ನೀವು ಇವತ್ತು ಬಂದ್ರಿ." ಅಷ್ಟೇ ಅಂದ. ಎದ್ದು ಬಂದೆ. ಅವಳ ವಿಳಾಸ ಅವನ ಹತ್ತಿರ ಇತ್ತು. ನಾಳೆ ಅವಳಿಗೆ ಬರೆಯುತ್ತೇನೆ, ಸಹಿ ಹಾಕಿ. ಸಿಳ್ಳೆಯ ಮನೆಗೂ ಹೋಗಿದ್ದೆ. ಬಾಗಿಲು ತೆಗೆದ, ಮಾತಾಡಲಿಲ್ಲ, ಟೀ ಕೊಟ್ಟ. ಅದನ್ನು ಏನೆಂದು ತಿಳಿಯಬೇಕೋ ನನಗಿನ್ನೂ ಗೊತ್ತಿಲ್ಲ.

ಈಗ ಮುಖ್ಯ ವಿಷಯ.

ಉಳಿದಿರುವುದು ನಾಲ್ಕನೆಯದು, ಮೂವತ್ತೊಂದು, ಹಳದಿ ದಾರ. ಅದು ಯಾಕೆ ಎಂದು ನನಗೆ ನೆನಪಾಗುತ್ತಿಲ್ಲ. ಎರಡು ದಿನ ತಲೆ ಚಚ್ಚಿಕೊಂಡೆ. ನಿನ್ನೆ ಮತ್ತೆ ಡಿಪೋಗೆ ಹೋದಾಗ ಆ ಹೆಂಗಸು ಬಿಲ್ಲೆ ಕೈಗೆ ತೆಗೆದುಕೊಂಡು, "ಈ ಗಂಟು ನಿಮ್ಮದಲ್ಲ ಅಲ್ವಾ?" ಅಂದಳು. ನೋಡಿದರೆ ಅಲ್ಲ. ನಾನು ಎರಡು ಸುತ್ತು ಸುತ್ತಿ ಬಿಗಿದು ತುದಿ ಕತ್ತರಿಸುತ್ತೇನೆ. ಇದು ಶೂ ಲೇಸಿನ ಹಾಗೆ ಎರಡು ಕಿವಿಯ ಗಂಟು. ಮಕ್ಕಳು ಕಟ್ಟುವ ಗಂಟು. ಆ ಕೋಣೆಯಲ್ಲಿ ಇದ್ದ ಮಗು ಒಂದೇ.

ಮೂವತ್ತೊಂದರವನು ಮಾತು ಕಡಿಮೆ. ನನ್ನ ಹತ್ತಿರ ಯಾವತ್ತೂ ಏನೂ ಹೇಳಿಕೊಂಡವನಲ್ಲ. ಆದರೆ ಮಧ್ಯಾಹ್ನ ನಿನ್ನ ಪಕ್ಕ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ, ನಿನ್ನ ಹತ್ತಿರ ಏನೇನೋ ಮಾತಾಡುತ್ತಿದ್ದ. ನಿನಗೆ ಹೇಳಿದ್ದಾನೆ. ನೀನು ನನ್ನನ್ನು ನೋಡಿ ದಾರ ಕಟ್ಟಿದ್ದೀಯ. ಅವನೀಗ ರಜೆಯಲ್ಲಿದ್ದಾನೆ, ಮನೆಗೆ ಬೀಗ, ಫೋನು ಸಿಗುತ್ತಿಲ್ಲ. ಮೇ ಒಂದಕ್ಕೆ ಸೀದಾ ಬಂದು ಬಸ್ ಹತ್ತುತ್ತಾನೆ. ಅವತ್ತಿನ ಚಾರ್ಟ್ ಮೂವತ್ತಕ್ಕೆ ಬೀಳುತ್ತದೆ. ಅಷ್ಟರೊಳಗೆ ಆ ಹೆಂಗಸಿಗೆ ಒಂದು ನಂಬರು, ಒಂದು ಹೊತ್ತು ಬೇಕು.

ಹುಡುಗಿ ಮೂರು ಸಲ ಕೇಳಿದ್ದಳು. ನಾಲ್ಕನೇ ಸಲ ಕೇಳಿದವಳು ನೀನು. ಐದನೆಯದನ್ನು ನಾನು ಕೇಳುತ್ತಿದ್ದೇನೆ. ಅಂದಕ್ಕೆ ಎಂದು ಬರೆದು ಕಳಿಸಿದರೆ ಒಪ್ಪುವುದಿಲ್ಲ. ಫೋನಿನಲ್ಲಿ ಕೇಳಿದರೆ ಕೂಗಾಡಿ ನಿನ್ನ ನೆನಪು ಓಡಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕಣ್ಣು ಮುಚ್ಚಿ ಆ ಹಲಗೆಯ ಕೆಳಗೆ ಹೋಗಿ ಕೂತು ಯೋಚಿಸು.

ನಿನ್ನ ಫಾರಮ್ಮಿಗೂ ಅದೇ ಮೂವತ್ತು. ಕಾಲೋ ಕಂಪ್ಯೂಟರೋ ನಿನ್ನಿಷ್ಟ, ನಾನು ಇನ್ನು ಆ ಬಗ್ಗೆ ಬಾಯಿ ತೆಗೆಯುವುದಿಲ್ಲ. ಆದರೆ ನನ್ನ ಸುಳ್ಳಿನ ಮೇಲೆ ಹಾಕಿದ ಆ ಎರಡು ಗೀಟು ಅಳಿಸು. ಅಳಿಸಿ, ನಿನ್ನ ಬುದ್ಧಿಯಿಂದ ಬೇಕಾದರೆ ಮತ್ತೆ ಹಾಕು.

ಮೂವತ್ತೊಂದಕ್ಕೆ ಹಳದಿ ದಾರ ಯಾಕೆ ಕಟ್ಟಿದೆ? ಉತ್ತರ ಅರ್ಜೆಂಟ್ ಅಂಚೆಯಲ್ಲಿ ಹಾಕು, ಇಪ್ಪತ್ತೊಂಬತ್ತಕ್ಕೆ ನನ್ನ ಕೈಯಲ್ಲಿರಬೇಕು.

— ತಾತ